ಚಿಕೂನ್‌ಗುನ್ಯಾ ಹೋದ ಮೇಲೂ ಬಿಡದ ಕೀಲುನೋವು: ದಿನ ದೂಡುವುದು ಹೇಗೆ?

2006ರಲ್ಲಿ ಕರ್ನಾಟಕದ ಊರೂರಲ್ಲಿ ಚಿಕೂನ್‌ಗುನ್ಯಾ ಹಬ್ಬಿದ್ದನ್ನು ಕಂಡವರಿಗೆ ಗೊತ್ತು, ಜ್ವರ ಬೇಗ ಇಳಿಯುತ್ತದೆ, ಕೀಲುನೋವು ಮತ್ತು ಸುಸ್ತು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ.

ಬೆಳಗ್ಗೆ ಎದ್ದ ತಕ್ಷಣ ಕೆಲಸಕ್ಕೆ ಇಳಿಯಬೇಡಿ. ಹಾಸಿಗೆಯಲ್ಲೇ ಬೆರಳು, ಮಣಿಕಟ್ಟು, ಪಾದ ನಿಧಾನಕ್ಕೆ ಆಡಿಸಿ. ಆಮೇಲೆ ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಕೈ ಇಡಿ.

ನೋವು ಕಡಿಮೆ ಇರುವ ದಿನವೇ ಅಪಾಯ, ಯಾಕೆಂದರೆ ಬಾಕಿ ಬಿದ್ದ ಬಟ್ಟೆ, ಪಾತ್ರೆ, ದೋಸೆಹಿಟ್ಟು ಎಲ್ಲ ಒಂದೇ ಉಸಿರಿಗೆ ಮುಗಿಸಲು ಹೋಗುತ್ತೇವೆ, ಮರುದಿನ ಏಳೋಕೇ ಆಗಲ್ಲ. ಒಳ್ಳೆಯ ದಿನವೂ ಕೆಟ್ಟ ದಿನವೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಿ. ಸುಸ್ತಾಗುವ ಮುಂಚೆಯೇ ಕೂತುಬಿಡಿ. ಈಳಿಗೆಮಣೆ ಬಿಟ್ಟು ಸ್ಟೂಲ್ ಮೇಲೆ ಕೂತು ತರಕಾರಿ ಹೆಚ್ಚಿ. ತುಂಬಿದ ಬಿಂದಿಗೆ ಎತ್ತಬೇಡಿ. ಬಟ್ಟೆ ಹಿಂಡುವುದು ಬೇರೆಯವರ ಕೆಲಸ, ನಾಚಿಕೆ ಬೇಡ. ಹಾಗಂತ ದಿನವಿಡೀ ಮಲಗಿದರೆ ಕೀಲು ಇನ್ನೂ ಬಿಗಿಯುತ್ತದೆ, ಸಣ್ಣ ನಡಿಗೆ ಬೇಕೇ ಬೇಕು.

ಮೆಡಿಕಲ್ ಸ್ಟೋರಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ಸುಮ್ನೆ ದಿನಾ ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಹೆಸರಿಲ್ಲದ ಪುಡಿ, ಗುಳಿಗೆ ಬೇಡವೇ ಬೇಡ, ಕೆಲವದರಲ್ಲಿ ಸ್ಟೆರಾಯ್ಡ್ ಬೆರೆಸಿರುತ್ತಾರೆ. 3 ತಿಂಗಳಾದರೂ ಕೀಲು ಊದಿಕೊಂಡೇ ಇದ್ದರೆ, ಬೆಳಗಿನ ಬಿಗಿತ ಒಂದು ಗಂಟೆ ದಾಟುತ್ತಿದ್ದರೆ ರುಮಟಾಲಜಿಸ್ಟ್‌ಗೆ, ಅಂದರೆ ಕೀಲುರೋಗದ ತಜ್ಞರಿಗೆ, ತೋರಿಸಿ. ಸಂಧಿವಾತ ಇರಬಹುದು, ಅದಕ್ಕೆ ಬೇರೆಯೇ ಔಷಧಿ ಇದೆ.

"ನೋಡೋಕೆ ಚೆನ್ನಾಗೇ ಇದ್ದೀಯಲ್ಲ" ಅನ್ನುವ ಮನೆಯವರಿಗೆ ವಿವರಿಸುತ್ತ ಕೂರಬೇಡಿ. ಇವತ್ತು ಯಾವ ಕೆಲಸ ಅವರದು ಅಂತ ಹೇಳಿಬಿಡಿ.