ಮುಟ್ಟಬೇಡ ಅಂತ ಅವ್ವನಿಗೆ ಮೊದಲೇ ಹೇಳಿದ್ದೆ

ನಮ್ಮವ್ವ ಹಳೇ ಕಲ್ಲು ಕಂಡರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವಳು. ಗಂಗಾವತಿ ಕಡೆಯವರು ನಾವು. ಹಾಗಾಗಿ ಅವಳು ಆಸ್ಟ್ರೇಲಿಯಾದ ಡಾರ್ವಿನ್‌ನ ನಮ್ಮ ಮನೆಗೆ ಬಂದಾಗ, ಮೂಲನಿವಾಸಿಗಳ ಹಳೇ ಬಂಡೆಚಿತ್ರಗಳಿರುವ ಕಕಾಡು ರಾಷ್ಟ್ರೀಯ ಉದ್ಯಾನಕ್ಕೆ ಹೊರಡುವ ಹಿಂದಿನ ರಾತ್ರಿಯೇ ಕೂತು ಹೇಳಿದೆ. ಅಲ್ಲಿ ಮುಟ್ಟುವಂತಿಲ್ಲ. ಕೈಯ ಬೆವರು, ಜಿಡ್ಡು ತಾಗಿದರೆ ಬಣ್ಣ ಹಾಳಾಗುತ್ತದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ದೂರದಿಂದ ಕೈ ಮುಗಿದ್ರ ನಡೀತದೇನು?" ಅಂದಳು.

ಹೇಳಲು ಕಾರಣವಿತ್ತು. ಮೊದಲ ಸಲ ಹೋದಾಗ ಫೋಟೊ ಚೆನ್ನಾಗಿ ಬರಲಿ ಅಂತ ನಾನು ತಡೆ ದಾಟಿ ಒಂದು ಹೆಜ್ಜೆ ಇಟ್ಟಿದ್ದೆ. ಅಲ್ಲಿದ್ದ ರೇಂಜರ್ ಬೈಯಲಿಲ್ಲ. ನನ್ನ ಕಾಲಡಿಯ ಪುಡಿಮಣ್ಣು ತೋರಿಸಿದರು. ಎದ್ದ ಧೂಳು ಹೋಗಿ ಕೂರುವುದು ಚಿತ್ರದ ಮೇಲೆಯೇ. ಅವತ್ತಿನ ನಾಚಿಕೆ ಇನ್ನೂ ಹೋಗಿಲ್ಲ.

ಕಕಾಡುವಿನಲ್ಲಿ ನಾವು ನೋಡಿದ ಚಿತ್ರಬಂಡೆಗಳ ಜಾಗ ಉಬಿರ್. ಅದು ಇರುವುದು ಡಾರ್ವಿನ್‌ನಿಂದ ಸುಮಾರು 300 ಕಿ.ಮೀ. ದೂರದಲ್ಲಿ. ಪಾರ್ಕ್ ಪಾಸ್ ಮೊದಲೇ ತಗೊಂಡಿದ್ದೆ. ಮಳೆ ಇಲ್ಲದ ತಿಂಗಳಲ್ಲೇ ಹೋಗಿ, ರೇಂಜರ್‌ಗಳು ಮಾತಾಡುವ ಸಮಯ ನೋಡಿಕೊಂಡು ಹೋಗಿ. ಸುಮ್ನೆ ಸುತ್ತಿ ಬಂದರೆ ಅರ್ಧ ನೋಡಿದ ಹಾಗೆ.

ದೊಡ್ಡ ಬಂಡೆಯ ಚಾಚಿನ ಕೆಳಗೆ ಮೀನುಗಳ ಸಾಲಿದೆ. ಬಾರಮಂಡಿ ಮೀನಿನ ಒಳಗಿನ ಬೆನ್ನುಮೂಳೆಯನ್ನೂ ಬಿಡಿಸಿದ್ದಾರೆ. ಹಿಡಿದು, ಸೀಳಿ, ತಿಂದವರು ಬರೆದ ಮೀನು ಅದು. ಇನ್ನೊಂದು ಕಡೆ ತುಂಬಾ ಎತ್ತರದಲ್ಲಿ ಥೈಲಸೀನ್ ಇದೆ, ಮೈಮೇಲೆ ಪಟ್ಟೆಯಿರುವ ನಾಯಿಯಂಥ ಪ್ರಾಣಿ. ಈ ಪ್ರಾಣಿ ಆಸ್ಟ್ರೇಲಿಯಾದ ಮುಖ್ಯ ಭೂಮಿಯಿಂದ ಕಣ್ಮರೆಯಾಗಿ 2,000 ವರ್ಷಕ್ಕೂ ಜಾಸ್ತಿಯಾಯಿತು.

ಅವ್ವ ಜಾಸ್ತಿ ಹೊತ್ತು ನಿಂತದ್ದು ಅಲ್ಲಿನವರ ಕತೆಯ ಮಬುಯು ಚಿತ್ರದ ಮುಂದೆ. ಮಬುಯು ಹಿಡಿದ ಮೀನನ್ನು ದಾರಕ್ಕೆ ಪೋಣಿಸಿ ಎಳೆದುಕೊಂಡು ಹೋಗುವಾಗ ಯಾರೋ ದಾರ ಕತ್ತರಿಸಿ ಕದ್ದರು. ಕಳ್ಳರು ಗುಹೆಯಲ್ಲಿ ಉಂಡು ಮಲಗಿದ ಮೇಲೆ ಅವನು ದೊಡ್ಡ ಬಂಡೆಯಿಂದ ಗುಹೆಯ ಬಾಯಿ ಮುಚ್ಚಿಬಿಟ್ಟ. ಕದಿಯಬೇಡಿ ಅಂತ ಮಕ್ಕಳಿಗೆ ಹೇಳುವ ಕತೆ. "ಇಷ್ಟೇನಾ?" ಅಂತ ಅವ್ವ ನನ್ನ ಕೈಲಿ ಕೇಳಿಸಿದಳು. ನಮ್ಮಂಥ ಹೊರಗಿನವರಿಗೆ ಹೇಳುವುದು ಇಷ್ಟು, ಉಳಿದದ್ದು ಇಲ್ಲಿನ ಮೂಲನಿವಾಸಿ ಬಿನಿಂಜ್ ಜನರದ್ದು ಎಂದರು ರೇಂಜರ್. ನಾನು ಅನುವಾದಿಸಿದಾಗ ಅವ್ವ ತಲೆಯಾಡಿಸಿದಳು. "ಮಂತ್ರ ಎಲ್ಲರಿಗೂ ಹೇಳ್ತಾರೇನು ಮತ್ತ?"

ಅವಳಿಗೆ ಎಷ್ಟು ಬೇಗ ಅರ್ಥವಾಯಿತು ಅಲ್ವಾ! ನನಗೆ ಎರಡು ಸಲ ಹೋಗಬೇಕಾಯಿತು. ಈ ನೆಲ ಅವರದ್ದು, ಪಾರ್ಕ್ ನಡೆಸುವುದರಲ್ಲೂ ಅವರಿದ್ದಾರೆ. ಯಾವುದನ್ನು ತೋರಿಸಬೇಕು, ಎಷ್ಟು ಹೇಳಬೇಕು ಅನ್ನುವುದೂ ಅವರಿಗೇ ಬಿಟ್ಟದ್ದು. ಫೋಟೊ ಬೇಡ ಅಂತ ಫಲಕ ಇದ್ದ ಕಡೆ ಫೋನು ಜೇಬಿನಲ್ಲೇ ಇರಬೇಕು.

ನಮ್ಮ ಹಿರೇಬೆಣಕಲ್ ಗುಡ್ಡದಲ್ಲೂ ಬಂಡೆಯ ಮೇಲೆ ಕೆಂಪು ಚಿತ್ರಗಳಿವೆ. ಚಿಕ್ಕವನಿದ್ದಾಗ ಬೆರಳಿಟ್ಟು ಎಣಿಸಿದ್ದೆ. ಯಾರೂ ಬೇಡ ಅನ್ನಲಿಲ್ಲ. ಈಗ ನೆನೆದರೆ ಸಂಕಟ.

ವಾಪಸಾಗುವಾಗ ಹೊಳೆ ದಾಟುವ ಜಾಗವಾದ ಕೇಹಿಲ್ಸ್ ಕ್ರಾಸಿಂಗ್‌ಗೆ ಹೋದೆವು. ಹೊಳೆಯ ಆಚೆ ಮೂಲನಿವಾಸಿಗಳದ್ದೇ ನೆಲವಾದ ಆರ್ನ್‌ಹೆಮ್ ಲ್ಯಾಂಡ್. ಅಲ್ಲಿನ, ಬಂಡೆಚಿತ್ರಗಳಿರುವ ಇಂಜಲಾಕ್ ಗುಡ್ಡವನ್ನು ಸ್ಥಳೀಯ ಗೈಡ್ ಜೊತೆ ಹತ್ತಬಹುದು, ಆದರೆ ದಾಟಲು ಪರ್ಮಿಟ್ ಬೇಕು. ನಮ್ಮ ಹತ್ತಿರ ಇರಲಿಲ್ಲ. ದಡದಿಂದ ದೂರದಲ್ಲೇ ನಿಂತು ಮೊಸಳೆ ನೋಡಿ ತಿರುಗಿದೆವು. ಅವ್ವ ಮತ್ತೆ ಬರುವ ಮೊದಲೇ ಅರ್ಜಿ ಹಾಕಬೇಕು.