ಕೋಳಿ ಲಿವರಿನ ಡಿಎನ್‌ಎಯಲ್ಲಿ 8-ಆಕ್ಸೊ-ಗ್ವಾನೀನ್ ಅಳೆದ ನನ್ನ ಅನುಭವ

ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನೀನ್ ಆಕ್ಸಿಡೀಕರಣಗೊಂಡರೆ 8-ಆಕ್ಸೊ-ಗ್ವಾನೀನ್ ಆಗುತ್ತದೆ; ಅದು ಡಿಎನ್‌ಎಗೆ ಆದ ಹಾನಿಯ ಗುರುತು. ಕೋಳಿಯ ಲಿವರಿನಿಂದ ತೆಗೆದ ಡಿಎನ್‌ಎಯಲ್ಲಿ ಹತ್ತು ಲಕ್ಷ ಗ್ವಾನೀನ್‌ಗೆ ಸುಮಾರು ಐದು 8-ಆಕ್ಸೊ-ಗ್ವಾನೀನ್ ಎಂಬ ಲೆಕ್ಕ ನನಗೆ ಸತತವಾಗಿ ಮೂರು ಬಾರಿ ಸಿಕ್ಕಿದ್ದು ಹೋದ ಮಾರ್ಚ್‌ನಲ್ಲಿ. ಅದಕ್ಕೆ ಮೊದಲಿನ ಎರಡೂವರೆ ವರ್ಷದಲ್ಲಿ ಹೆಚ್ಚಿನ ಕಾಲ ಇದೇ ಲೆಕ್ಕ ಅರವತ್ತರಿಂದ ತೊಂಬತ್ತರ ನಡುವೆ ಓಲಾಡುತ್ತಿತ್ತು. ದಾವಣಗೆರೆಯಲ್ಲಿ ಕುಳಿತು, ಸ್ವಂತ ಎಲೆಕ್ಟ್ರೋಕೆಮಿಕಲ್ ಡಿಟೆಕ್ಟರ್ (ವಸ್ತುಗಳು ಬಿಟ್ಟುಕೊಡುವ ಎಲೆಕ್ಟ್ರಾನ್ ಅಳೆಯುವ ಯಂತ್ರ) ಇಲ್ಲದೆ, ಇಂಥ ಅಳತೆ ಆಗುವ ಮಾತಲ್ಲವೆಂದು ವಿಭಾಗದ ಹಿರಿಯರೊಬ್ಬರು ಎಲ್ಲರೆದುರಿಗೇ ಹೇಳಿದ್ದರು. ಅವರ ಸಂಶಯ ಸುಳ್ಳೆನ್ನುವಂತಿರಲಿಲ್ಲ. ಯುರೋಪಿನ ಪ್ರಯೋಗಾಲಯಗಳು 1997ರಲ್ಲಿ ಡಿಎನ್‌ಎ ಆಕ್ಸಿಡೀಕರಣದ ಅಳತೆಗೆಂದೇ ಎಸ್ಕಾಡ್ ಎಂಬ ಕೂಟ ಕಟ್ಟಿಕೊಂಡು ಒಂದೇ ಮಾದರಿಯನ್ನು ಹಂಚಿಕೊಂಡು ಅಳೆದಾಗ ಅವರವರ ಉತ್ತರಗಳೂ ಒಂದಕ್ಕೊಂದು ತಾಳೆಯಾಗಿರಲಿಲ್ಲ.

ಮೊದಲ ಎಂಟು ತಿಂಗಳನ್ನು ನಾನು ಕರಗುವ ಉಷ್ಣತೆಯ, ಅಂದರೆ ಡಿಎನ್‌ಎಯ ಎರಡೆಳೆ ಬಿಚ್ಚಿಕೊಳ್ಳುವ ಉಷ್ಣತೆಯ, ಬೆನ್ನು ಹತ್ತಿ ಕಳೆದೆ. ಆಕ್ಸಿಡೀಕರಣಗೊಂಡ ಗ್ವಾನೀನ್ ಇದ್ದ ಕಡೆ ಎರಡೆಳೆಯ ಸುರುಳಿ ಸಡಿಲವಾಗಬೇಕು, ಹಾಗಾದರೆ ನಮ್ಮಲ್ಲಿರುವ ಹಳೆಯ ಯುವಿ ಯಂತ್ರವೇ ಸಾಕು ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ 8-ಆಕ್ಸೊ-ಗ್ವಾನೀನ್ ಸೈಟೋಸಿನ್ನಿನ ಎದುರು ಮಾಮೂಲಿ ಗ್ವಾನೀನ್‌ನಂತೆಯೇ ಕೂರುತ್ತದೆ, ಸುರುಳಿಯ ಆಕಾರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದು ಬೆನ್ನು ತಿರುಗಿಸಿ ಅಡೆನೀನ್‌ಗೆ ಜೋಡಿಯಾಗುವ ಕಿತಾಪತಿಯೆಲ್ಲ ನಕಲು ತೆಗೆಯುವ ಹೊತ್ತಿನಲ್ಲಿ. ಹತ್ತು ಲಕ್ಷಕ್ಕೆ ಐವತ್ತು ಇದ್ದರೂ ಕರಗುವಿಕೆಯ ವಕ್ರರೇಖೆಯಲ್ಲಿ ಕೂದಲೆಳೆಯಷ್ಟೂ ಅಂತರ ಕಾಣುವುದಿಲ್ಲ ಎಂದು ಲೆಕ್ಕ ಹಾಕಿ ನೋಡುವ ಬುದ್ಧಿ ನನಗೆ ಮೊದಲೇ ಬರಬೇಕಿತ್ತು.

ಆಮೇಲೆ ಬೆರಕೆಯಲ್ಲಿನ ವಸ್ತುಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ದಾರಿ ಹಿಡಿದೆ. ಡಿಟೆಕ್ಟರನ್ನು 600 ಮಿಲಿವೋಲ್ಟ್ ಆಸುಪಾಸಿನಲ್ಲಿ ಇಟ್ಟರೆ 8-ಆಕ್ಸೊ ಮಾತ್ರ ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ, ಮಾಮೂಲಿ ಡಿಆಕ್ಸಿಗ್ವಾನೋಸಿನ್ (ಸಕ್ಕರೆ ಅಂಟಿದ ಗ್ವಾನೀನ್) ಮೌನವಾಗಿರುತ್ತದೆ, ಅದನ್ನು ಯುವಿಯಲ್ಲಿ ಓದಿಕೊಳ್ಳಬಹುದು. ತೊಂದರೆ ಬಂದದ್ದು ಯಂತ್ರದಿಂದಲ್ಲ, ಯಂತ್ರದ ಬಾಗಿಲಿಗೆ ಬರುವ ಮೊದಲಿನ ಕೆಲಸದಿಂದ. ತಯಾರಿಯ ಹೊತ್ತಿನಲ್ಲಿ ಲಕ್ಷಕ್ಕೆ ಒಂದೇ ಒಂದು ಗ್ವಾನೀನ್ ಆಕ್ಸಿಡೀಕರಣಗೊಂಡರೂ ನನ್ನ ಲೆಕ್ಕಕ್ಕೆ ಹತ್ತು ಸೇರಿಬಿಡುತ್ತದೆ. ಲಿವರ್ ಎಂದರೆ ಆಕ್ಸಿಡೀಕರಣಕ್ಕೆ ಕುಮ್ಮಕ್ಕು ಕೊಡುವ ಕಬ್ಬಿಣದ ಗಣಿ; ಅದರ ಮೇಲೆ ಪ್ರೋಟೀನ್ ತೆಗೆಯಲು ಫೀನಾಲ್ ಸುರಿದು, ಗಾಳಿಗೆ ತೆರೆದಿಟ್ಟು, ಕುಲುಕಿ, ಕೊನೆಗೆ ಎಳೆಗಳನ್ನು ಬಿಡಿಸಲು 95 ಡಿಗ್ರಿಯಲ್ಲಿ ಕುದಿಸುತ್ತಿದ್ದೆ. ನಾನು ಅಳೆಯುತ್ತಿದ್ದುದು ಕೋಳಿಯ ಪಾಡನ್ನಲ್ಲ, ನನ್ನ ಕೈಕೆಲಸವನ್ನು.

ಇದರ ಜೊತೆಗೆ ರಾತ್ರಿ ಬಸ್ಸಿನ ಪ್ರಯಾಣವೂ ಇತ್ತು. ಡಿಟೆಕ್ಟರ್ ಇದ್ದದ್ದು ಬೆಂಗಳೂರಿನಲ್ಲಿ. ಡಿಎನ್‌ಎಯನ್ನು ಬಿಡಿ ಘಟಕಗಳಾಗಿಸುವ ಕಿಣ್ವಗಳಾದ ನ್ಯೂಕ್ಲಿಯೇಸ್ ಪಿ1, ಫಾಸ್ಫಟೇಸ್ ಎಲ್ಲ ಹಾಕಿ ಜೀರ್ಣಿಸಿದ ಮಾದರಿಗಳನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿಟ್ಟು ಒಯ್ಯುತ್ತಿದ್ದೆ. ಬೆಳಗಿನ ಜಾವ ಮುಚ್ಚಳ ತೆರೆದರೆ ಮಂಜು ಕರಗಿ, ಸೀಸೆಗಳು ನೀರಿನಲ್ಲಿ ತೇಲುತ್ತಿದ್ದವು, ಲೇಬಲ್ಲಿನ ಶಾಯಿ ಹರಡಿರುತ್ತಿತ್ತು. ಒಮ್ಮೆ ಅದೇ ಮಾದರಿಯ ಅರ್ಧವನ್ನು ಜೀರ್ಣಿಸದೆ, ಐಸೊಪ್ರೊಪನಾಲ್ ಕೆಳಗೆ ಬಿಳಿ ನೂಲಿನ ಉಂಡೆಯಾಗಿಯೇ ಒಯ್ದು, ಅಲ್ಲಿಯೇ ಜೀರ್ಣಿಸಿ ಯಂತ್ರಕ್ಕೆ ಹಾಕಿದೆ. ಜೀರ್ಣಿಸಿ ಒಯ್ದದ್ದು ಎಪ್ಪತ್ತರ ಮೇಲೆ, ಉಂಡೆಯಾಗಿ ಒಯ್ದದ್ದು ಮೂವತ್ತರ ಹತ್ತಿರ. ಅಂದಿನಿಂದ ಜೀರ್ಣಿಸಿದ್ದನ್ನು ಬಸ್ಸು ಹತ್ತಿಸಿಲ್ಲ.

ಉಳಿದ ಮೂವತ್ತನ್ನು ಇಳಿಸಿದ್ದು ಮೂರು ಬದಲಾವಣೆ. ಫೀನಾಲ್ ಬಿಟ್ಟು 7.6 ಮೋಲಾರ್ ಸೋಡಿಯಂ ಅಯೋಡೈಡ್ ಹಿಡಿದೆ. ಎಲ್ಲ ಬಫರುಗಳನ್ನೂ ಲೋಹದ ಅಂಶ ಹಿಡಿದಿಡುವ ಕೆಲೆಕ್ಸ್ ರಾಳದ ಮೇಲೆ ಹಾಯಿಸಿದೆ. ಮೂರನೆಯದು ಕಬ್ಬಿಣವನ್ನು ಕಟ್ಟಿಹಾಕುವ ಡೆಸ್‌ಫೆರಿಯಾಕ್ಸಮೀನ್. ಕ್ಯಾಟಲಾಗಿನ ಬೆಲೆ ಕಂಡು ಕೈಬಿಟ್ಟಿದ್ದೆ. ಥಲಸ್ಸೇಮಿಯಾ ಮಕ್ಕಳಿಗೆ ಕೊಡುವ ಚುಚ್ಚುಮದ್ದು ಇದೇ ಎಂದು ವೈದ್ಯ ಗೆಳೆಯರೊಬ್ಬರು ನೆನಪಿಸಿ ಚೀಟಿ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಸಿಕ್ಕ 500 ಮಿಲಿಗ್ರಾಮಿನ ಒಂದು ಸೀಸೆ ನನಗೆ ವರ್ಷವಿಡೀ ಸಾಕಾಯಿತು. ಈ ಮೂರರ ಜೊತೆಗೆ ಕುದಿಸುವುದನ್ನೂ ಬಿಟ್ಟೆ. ಪಿ1 ಗೆ ಎರಡೆಳೆಯ ಸುರುಳಿ ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ ಮೊದಲು ಡಿಎನ್‌ಏಸ್ ಎಂಬ ಇನ್ನೊಂದು ಕಿಣ್ವ ಹಾಕಿ ಚೂರು ಮಾಡಿಕೊಳ್ಳುತ್ತೇನೆ. ಡೆಸ್‌ಫೆರಿಯಾಕ್ಸಮೀನನ್ನು ಯಾವ ಹಂತದಲ್ಲಿ ಎರಡನೆಯ ಸಲ ಹಾಕುತ್ತೇನೆ ಎಂಬುದನ್ನು, ಪ್ರಬಂಧ ಅಚ್ಚಾಗುವವರೆಗೆ, ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ಐದಕ್ಕೆ ಇಳಿದಾಗ ಹೊಸ ಆಕ್ಷೇಪಣೆ ಬಂತು: 8-ಆಕ್ಸೊ ಎಂಬುದು ಮಾಮೂಲಿ ಗ್ವಾನೀನ್‌ಗಿಂತಲೂ ಬೇಗ ಆಕ್ಸಿಡೀಕರಣಗೊಳ್ಳುವ ವಸ್ತು, ಅದು ಸ್ಪೈರೋಇಮಿನೋಡೈಹೈಡಾಂಟೋಯಿನ್ ಎಂಬ ಬೇರೆ ವಸ್ತುವಾಗಿ ನಿಮ್ಮ ಕಣ್ಣು ತಪ್ಪಿಸಿದೆ, ಹಾಗಾಗಿ ಲೆಕ್ಕ ಕಡಿಮೆ. ನ್ಯಾಯವಾದ ಮಾತು. ಕರುವಿನ ಥೈಮಸ್ ಡಿಎನ್‌ಎಗೆ ಮೆಥಿಲೀನ್ ಬ್ಲೂ ಬಣ್ಣ ಹಾಕಿ ಬೆಳಕಿಗೊಡ್ಡಿ, 8-ಆಕ್ಸೊ ಬೇಕಾದಷ್ಟು ತುಂಬಿಸಿ, ಅದನ್ನು ತಿಳಿದ ಪ್ರಮಾಣದಲ್ಲಿ ಲಿವರಿನ ರಸಕ್ಕೆ ಮೊದಲ ಹಂತದಲ್ಲಿಯೇ ಬೆರೆಸಿ ನೋಡಿದೆ. ಹಾಕಿದ್ದರಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ವಾಪಸು ಬಂತು.

ಆ ಬೆಳಕಿನ ಪೆಟ್ಟಿಗೆ ಕಟ್ಟಿದ್ದಾಗಿತ್ತು, ಸುಮ್ಮನಿರಲಾರದೆ, ಬೆಳಕು ಬಿದ್ದಾಗ ಗ್ವಾನೀನ್‌ನಿಂದ ಎಲೆಕ್ಟ್ರಾನ್ ಕಸಿಯುವ ರೈಬೋಫ್ಲೇವಿನ್ನನ್ನೂ ಪರೀಕ್ಷಿಸಿದೆ. ಒಂದೇ ಒಂದು ಜಿಜಿ ಜೋಡಿ (ಅಕ್ಕಪಕ್ಕದ ಎರಡು ಗ್ವಾನೀನ್) ಇರುವ, ತುದಿಗೆ ಹೊಳೆಯುವ ಬಣ್ಣ ಅಂಟಿಸಿದ ಚಿಕ್ಕ ಡಿಎನ್‌ಎ ಎಳೆ ತರಿಸಿದೆ. ಎರಡೆಳೆಯಾಗಿಸಿ ಬೆಳಕಿಗಿಟ್ಟು, ಹಾನಿಯಾದಲ್ಲಿ ಎಳೆ ತುಂಡರಿಸುವ ಬಿಸಿ ಪೈಪರಿಡೀನ್‌ನಲ್ಲಿ ಕತ್ತರಿಸಿ, ತುಂಡುಗಳನ್ನು ಉದ್ದದಂತೆ ಬೇರ್ಪಡಿಸುವ ಜೆಲ್ ಓಡಿಸಿದರೆ, ಜೋಡಿಯ 5′ ಕಡೆಯ (ಎಳೆಯ ಆರಂಭದ ತುದಿಯತ್ತಣ) ಗ್ವಾನೀನ್ ಇದ್ದಲ್ಲಿ ಪಟ್ಟೆ ಗಾಢವಾಗಿ ಮೂಡಿತು. ಒಂಟಿ ಎಳೆಯಲ್ಲಿ ಆ ಪಕ್ಷಪಾತವೇ ಇರಲಿಲ್ಲ. ಒಂದರ ಮೇಲೊಂದು ಒತ್ತಾಗಿ ಕುಳಿತಾಗಲೇ ಆ ಗ್ವಾನೀನ್ ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ಧಾರಾಳಿಯಾಗುತ್ತದೆ. ಪುಸ್ತಕದಲ್ಲಿ ಇದ್ದದ್ದೇ ಆದರೂ ನಮ್ಮದೇ ಜೆಲ್ಲಿನಲ್ಲಿ ಕಂಡ ದಿನ ವಿದ್ಯಾರ್ಥಿಗಳಿಗೆ ಮಿರ್ಚಿ ಮಂಡಕ್ಕಿ ಕೊಡಿಸಿದೆ. ಪೈಪರಿಡೀನ್‌ಗೆ ಆಕ್ಸಿಡೀಕರಣ ತಡೆಯುವ ಮರ್ಕ್ಯಾಪ್ಟೋಇಥನಾಲ್ ಬೆರೆಸಿದ ದಿನ ಅದೇ ಪಟ್ಟೆ ಮಸುಕಾಯಿತು, ಏಕೆಂದರೆ 8-ಆಕ್ಸೊ ಇದ್ದಲ್ಲಿ ಎಳೆ ಹಾಗೇ ತುಂಡಾಗುವುದಿಲ್ಲ, ಅದು ಇನ್ನೊಮ್ಮೆ ಆಕ್ಸಿಡೀಕರಣಗೊಂಡ ಮೇಲೆಯೇ ತುಂಡಾಗುತ್ತದೆ. ಪಟ್ಟೆಯ ಗಾಢತೆ ನೋಡಿ 8-ಆಕ್ಸೊ ಎಷ್ಟಿದೆ ಎಂದು ಹೇಳುವವರನ್ನು ಅಂದಿನಿಂದ ನಾನು ನಂಬುವುದಿಲ್ಲ.

ಖರ್ಚಿನ ಮಾತು. ನೆನಪಿನಿಂದ ಹೇಳುವುದಾದರೆ ಎರಡೂವರೆ ವರ್ಷದಲ್ಲಿ ಒಂದು ಲಕ್ಷದ ಎಂಬತ್ತು ಸಾವಿರದಷ್ಟು ಹೋಗಿದೆ. ಅದರಲ್ಲಿ ನಲವತ್ತು ಸಾವಿರ ನನ್ನ ಸಂಬಳದ್ದು. ದೊಡ್ಡ ಪಾಲು ಕಿಣ್ವಗಳಿಗೆ ಮತ್ತು ಡಿಟೆಕ್ಟರಿನ ಗಂಟೆ ಲೆಕ್ಕದ ಬಾಡಿಗೆಗೆ. ಒಂದು ಕಾಲಮ್ಮನ್ನು ಉಪ್ಪಿನ ಬಫರಿನಲ್ಲಿಯೇ ರಾತ್ರಿಯಿಡೀ ಬಿಟ್ಟು ಕೆಡಿಸಿದ್ದು ನಾನೇ, ಅದಕ್ಕೆ ಮೂವತ್ತು ಸಾವಿರ ತೆತ್ತೆ. ಈಗಿನ ಪದ್ಧತಿಯಲ್ಲಿ ಬಸ್ಸಿನ ಚಾರ್ಜೂ ಸೇರಿ ಮಾದರಿಯೊಂದಕ್ಕೆ ಏಳೆಂಟು ನೂರು ರೂಪಾಯಿಗೆ ಮುಗಿಯುತ್ತದೆ.

ಕಳೆದ ವಾರ ಅದೇ ಹಿರಿಯರು ತಮ್ಮ ವಿದ್ಯಾರ್ಥಿಯ ಕೈಯಲ್ಲಿ ಇಲಿಯ ಲಿವರಿನ ಆರು ಮಾದರಿಗಳನ್ನು ಅಳೆದುಕೊಡಲು ಕಳುಹಿಸಿದ್ದರು. ಆರೂ ಫೀನಾಲಿನಲ್ಲಿ ತೆಗೆದವು. ಅಂಗಾಂಶವನ್ನೇ ಮಂಜಿನಲ್ಲಿಟ್ಟು ತರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದೆ.