ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಕೋರ್ಟಿನಲ್ಲಿ ಏನು ಕೇಳಬೇಕು?

ಹೋದ ವರ್ಷ ಕಾರವಾರದ ಕೋರ್ಟಿನ ಹೊರಗೆ ಒಬ್ಬ ತಾಯಿಯನ್ನು ನೋಡಿದೆ. ಬೈತಖೋಲ ಕಡೆಯವರು, ಮೀನು ಮಾರುವವರು. ಮಗ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದಿದ್ದ. ಅವರು ಸೆರಗಿನ ಗಂಟು ಬಿಚ್ಚಿ, ಒದ್ದೆಯಾಗಿ ಅಂಟಿಕೊಂಡಿದ್ದ ನೋಟುಗಳನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಎಣಿಸುತ್ತಿದ್ದರು. ಸಂಘದಲ್ಲಿ ಸಾಲ ಎತ್ತಿ ತಂದ ಹತ್ತು ಸಾವಿರ ಅದು. ದಂಡವನ್ನು ಕಂತಿನಲ್ಲಿ ಕಟ್ಟುತ್ತೇವೆ ಅಂತ ಕೇಳಬಹುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕುಡಿದು ಓಡಿಸುವವರ ಪರ ನಾನಿಲ್ಲ. ಗೋವಾ ಗಡಿಯಾಚೆ ಕುಡಿದು ರಾತ್ರಿ ಮಾಜಾಳಿ ದಾಟಿ ಹೆದ್ದಾರಿ 66ರಲ್ಲಿ ಓಲಾಡುತ್ತಾ ಬರುವ ಬೈಕನ್ನು ಎದುರಿನಿಂದ ಒಮ್ಮೆ ನೋಡಿದರೆ ಸಾಕು, ಕಾನೂನು ಯಾಕೆ ಬಿಗಿ ಇರಬೇಕು ಅಂತ ಗೊತ್ತಾಗುತ್ತದೆ. ಆದರೆ ಶಿಕ್ಷೆ ಎಲ್ಲರಿಗೂ ಒಂದೇ ತೂಕದಲ್ಲಿ ಬೀಳುತ್ತಿಲ್ಲ. ಅದು ನನ್ನ ತಕರಾರು.

ಮೊದಲು ರಸ್ತೆಯ ವಿಷಯ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಕೇಸು. "ಎರಡು ಪೆಗ್ಗಿಗೆ ಏನಾಗಲ್ಲ" ಅನ್ನುವ ಲೆಕ್ಕ ನಂಬಬೇಡಿ. ಮೈತೂಕ, ಊಟ, ಕುಡಿದ ಹೊತ್ತು, ಎಲ್ಲವೂ ಸೇರಿ ಲೆಕ್ಕ ಬದಲಾಗುತ್ತದೆ. ಊದಲು ಹೇಳಿದರೆ ಊದಿ. ಕೊಳವೆ ಹೊಸದಾ ಅಂತ ಕೇಳಿ, ಯಂತ್ರ ತೋರಿಸಿದ ಅಂಕಿ ಮತ್ತು ಗಂಟೆ ಬರೆದುಕೊಳ್ಳಿ. ಸರಿಯಾದ ಕಾರಣ ಇಲ್ಲದೆ ಊದುವುದಿಲ್ಲ ಅಂದರೆ, ಆ ಮಾತನ್ನೇ ನಿಮ್ಮ ವಿರುದ್ಧ ಬಳಸಬಹುದು ಎನ್ನುತ್ತದೆ 205ನೇ ಸೆಕ್ಷನ್. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯರಿಂದ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು.

ಇದು ರಸ್ತೆಯಲ್ಲೇ ದಂಡ ಕಟ್ಟಿ ಮುಗಿಸುವ ಕೇಸಲ್ಲ. ಕೋರ್ಟಿಗೆ ಹೋಗಲೇಬೇಕು. ಹಾಗಾಗಿ ಯಾರಿಗೂ ಅಲ್ಲೇ ದುಡ್ಡು ಕೊಡಬೇಡಿ.

ಆಮೇಲೆ ವಕೀಲರು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕಾರ್ಖಾನೆ ಕಾರ್ಮಿಕರು, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ. ಬೇಗ ಮುಗಿಯಲಿ ಅಂತ ಸುಮ್ನೆ ತಪ್ಪೊಪ್ಪಿಕೊಳ್ಳುವವರೇ ಜಾಸ್ತಿ. ಒಪ್ಪಿಕೊಂಡರೆ ಅದು ಶಿಕ್ಷೆಯಾದ ಕೇಸಾಗಿ ದಾಖಲಾಗುತ್ತದೆ. ಮುಂದೆ ಮತ್ತೆ ಸಿಕ್ಕಿಬಿದ್ದರೆ 15,000 ದಂಡ, ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ವಕೀಲರ ಹತ್ತಿರ ಮಾತಾಡಿಯೇ ಒಪ್ಪಿಕೊಳ್ಳಿ.

ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. 2019ರ ತಿದ್ದುಪಡಿಗೆ ಮೊದಲು ದಂಡ ಹೆಚ್ಚೆಂದರೆ 2,000 ಇತ್ತು. ಈಗ ಮೊತ್ತವನ್ನು ಕಾಯ್ದೆಯೇ ಕಟ್ಟಿಟ್ಟಿದೆ. ಮೀನು ಬುಟ್ಟಿ ಹೊರುವ ಮನೆಗೂ ಹತ್ತು ಸಾವಿರ, ದೊಡ್ಡ ಕಾರಲ್ಲಿ ಬೀಚಿಗೆ ಬಂದವರಿಗೂ ಹತ್ತು ಸಾವಿರ. ಒಬ್ಬರಿಗೆ ಅದು ಒಂದು ರಾತ್ರಿಯ ರೂಮಿನ ಬಾಡಿಗೆ, ಇನ್ನೊಬ್ಬರಿಗೆ ವರ್ಷವಿಡೀ ತೀರಿಸುವ ಸಾಲ. ಇದು ಸಮಾನ ಶಿಕ್ಷೆ ಅಂತ ಹೇಗೆ ಹೇಳುವುದು? ಫಿನ್‌ಲೆಂಡಿನಲ್ಲಿ ದಿನದ ಆದಾಯ ನೋಡಿ ದಂಡ ಹಾಕುತ್ತಾರೆ, ನಮ್ಮಲ್ಲೂ ಹಾಗೇ ಆಗಬೇಕು ಅನ್ನುವವಳು ನಾನು. ಲೈಸೆನ್ಸ್ ಕನಿಷ್ಠ ಆರು ತಿಂಗಳು ಹೋಗುತ್ತದೆ. ಅದನ್ನು ಸಡಿಲ ಮಾಡಿ ಅಂತ ಕೇಳುವ ಮನಸ್ಸು ನನಗಿಲ್ಲ. ಆದರೆ ಆ ಆರು ತಿಂಗಳು ಶಿರಸಿಯ ಆಟೋದವರ ಅನ್ನ ಹೋಗುತ್ತದೆ, ಚಾಲಕನನ್ನು ಇಟ್ಟುಕೊಂಡ ಧಣಿಗೆ ಏನೂ ಆಗುವುದಿಲ್ಲ. ಇದೂ ಅಷ್ಟೇ ನಿಜ.

ಕಾನೂನು ಬದಲಾಗುವ ತನಕ ಕೇಳಬಹುದಾದ್ದು ಕಂತು. ಜೈಲಿಲ್ಲದೆ ಬರೀ ದಂಡ ಹಾಕಿ, ಕಟ್ಟದಿದ್ದರೆ ಜೈಲು ಅಂತ ಆದೇಶವಾಗಿದ್ದರೆ, ಮೂವತ್ತು ದಿನದ ಸಮಯ ಅಥವಾ ಎರಡು-ಮೂರು ಕಂತು ಕೊಡುವ ಅಧಿಕಾರ ಕೋರ್ಟಿಗಿದೆ. ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಕೊಡುವುದು ಬಿಡುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಆದೇಶ ಓದಿದ ಕೂಡಲೇ, "ಸ್ವಾಮಿ, ದಿನದ ಗಳಿಕೆ ಇಷ್ಟು, ಮನೆಯಲ್ಲಿ ಇಷ್ಟು ಜನ, ಮೂರು ಕಂತಿನಲ್ಲಿ ಕಟ್ಟುತ್ತೇನೆ" ಅಂತ ವಕೀಲರಿಂದ ಹೇಳಿಸಿ. ಕಟ್ಟಿದ ಪ್ರತಿ ಕಂತಿನ ರಸೀದಿಯಲ್ಲಿ ಕೇಸ್ ನಂಬರ್ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ.